ಶೆಟ್ಟಿಕೆರೆಯ ಯೋಗಮಾಧವ

ತಿಪಟೂರಿನ ಕೊಬ್ಬರಿಯ ಹೆಸರನ್ನು ಕೇಳದವರು ಕನ್ನಡನಾಡಿನಲ್ಲಿ ವಿರಳ. ಅದೇ ತೆಂಗಿನ ಸೀಮೆಯಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಸೇರಿದ ಶೆಟ್ಟಿಕೆರೆಯಲ್ಲಿ, ಹೊಯ್ಸಳರ ಕಾಲದ ದೇಗುಲವೊಂದಿದೆಯೆಂಬುದನ್ನು ಬಲ್ಲವರು ಮಾತ್ರ ಕೆಲವರೇ.

ಕ್ರಿ.ಶ. 1261ರಲ್ಲಿ, ಮುಮ್ಮಡಿ ನರಸಿಂಹನು ಆಳುತ್ತಿದ್ದಾಗ, ಗೋಪಾಲ ದಂಡನಾಯಕನು ಇಲ್ಲಿ ಯೋಗಮಾಧವನ ಗುಡಿಯನ್ನು ಕಟ್ಟಿಸಿದನು. ಅದು ನೆಮ್ಮದಿಯ ಕಾಲವಾಗಿರಲಿಲ್ಲ. ಏಳು ವರ್ಷಗಳ ಹಿಂದೆಯಷ್ಟೇ, 1254ರಲ್ಲಿ, ಹೊಯ್ಸಳ ರಾಜ್ಯವು ಇಬ್ಬಾಗವಾಗಿತ್ತು. ದೋರಸಮುದ್ರವು ನರಸಿಂಹನ ಪಾಲಿಗೆ ಬಂದಿತು. ತಮಿಳು ಸೀಮೆಯ ಕಣ್ಣನೂರು ಅವನ ಸೋದರ ರಾಮನಾಥನದಾಯಿತು. ಮುಂದೆ ಆ ಸೋದರರೊಳಗೇ ಯುದ್ಧಗಳು ನಡೆದವು.

ದಂಡು ನಡೆಸುತ್ತಿದ್ದ ಕೈಗಳೇ ಆಗ ಗುಡಿಗಳನ್ನೂ ಕಟ್ಟಿಸುತ್ತಿದ್ದವು. ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕನೂ, ಸೋಮನಾಥಪುರದಲ್ಲಿ 1258ರಲ್ಲಿ ಸೋಮನಾಥ ದಂಡನಾಯಕನೂ ಕಟ್ಟಿಸಿದ ದೇಗುಲಗಳಂತೆ ಶೆಟ್ಟಿಕೆರೆಯದೂ ತ್ರಿಕೂಟ. ನಡುವೆ ನವರಂಗ, ಅದರ ಮೂರು ದಿಕ್ಕಿಗೆ ಮೂರು ಗರ್ಭಗುಡಿಗಳು. ಹೊಯ್ಸಳ ಶಿಲ್ಪಿಗಳ ನೆಚ್ಚಿನ ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದು, ಗಾಳಿಗೆ ಮೈಯೊಡ್ಡಿದಂತೆ ಗಟ್ಟಿ. ಅವರ ಉಳಿ ಅಷ್ಟೊಂದು ಸೂಕ್ಷ್ಮವಾಗಿ ಆಡಿದ ಗುಟ್ಟು ಇದೇ.

ಸೋಮನಾಥಪುರದ ಕೀರ್ತಿ ದೊಡ್ಡದು. ಬೇಲೂರು, ಹಳೇಬೀಡುಗಳೊಡನೆ 2023ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಆದರೆ ಅಲ್ಲಿಯ ಮೂಲ ಕೇಶವ ವಿಗ್ರಹ ಎಂದೋ ಕಣ್ಮರೆಯಾಯಿತು. ಜನ ಬೆರಗಾಗಿ ನೋಡುವುದು ಗೋಡೆಗಳನ್ನು. ಶೆಟ್ಟಿಕೆರೆಯಲ್ಲಿ ನೋಡಬೇಕಾದುದು ಒಳಗಿನ ದೇವರನ್ನೇ. ಮಾಧವನು ಇಲ್ಲಿ ನಿಂತಿಲ್ಲ. ಪದ್ಮಾಸನ ಹಾಕಿ ಕುಳಿತಿದ್ದಾನೆ. ಮೇಲಿನ ಕೈಗಳಲ್ಲಿ ಶಂಖಚಕ್ರಗಳುಂಟು. ಕೆಳಗಿನ ಕೈಗಳಲ್ಲಿ ಗದೆಯಿಲ್ಲ. ಅವೆರಡೂ ಮಡಿಲಿನಲ್ಲಿ ಒಂದರ ಮೇಲೊಂದು ಕೂಡಿ ಧ್ಯಾನದಲ್ಲಿ ನೆಲೆಸಿವೆ. ಬದುಕನ್ನೆಲ್ಲ ಕತ್ತಿಯ ನೆರಳಿನಲ್ಲಿ ಕಳೆಯುವವನಿಗೆ ಇಂತಹ ದೇವರೇ ಬೇಕಲ್ಲವೆ? ಗೆಲ್ಲಿಸುವ ದೇವರು ಬೇರೆಯವನಿರಬಹುದು. ದಂಡನಾಯಕನು ಪ್ರತಿಷ್ಠಾಪಿಸಿದುದು ಕೈಗಳಿಗೆ ವಿಶ್ರಾಂತಿ ಕೊಟ್ಟವನನ್ನು.

1311ರಲ್ಲಿ ಮಲಿಕ್ ಕಾಫರನ ಸೈನ್ಯವು ದೋರಸಮುದ್ರದ ಬಾಗಿಲಿಗೆ ಬಂದಿತು. ಆ ಶತಮಾನದ ನಡುವಿಗೆ ಹೊಯ್ಸಳರ ಆಳ್ವಿಕೆಯೇ ಮುಗಿಯಿತು. ಯಾರ ಪಾಲು ಯಾವುದೆಂದು ಸೋದರರು ಕಾದಾಡಿದ ನೆಲದಲ್ಲಿ ಈಗ ತೆಂಗು ಬೆಳೆಯುವ ರೈತರ ಬದುಕು ಸಾಗಿದೆ. ಕಾದಾಟ ಕಥೆಯಾಯಿತು, ಕುಳಿತವನು ಕುಳಿತೇ ಇದ್ದಾನೆ.

ಬೇಲೂರಿನ ಮದನಿಕೆಯರನ್ನು ನೋಡಿ ಬಂದ ವಾಚಕರು ಒಮ್ಮೆ ತಿಪಟೂರಿನ ಕಡೆಗೆ ಬಂದಾಗ ಶೆಟ್ಟಿಕೆರೆಗೂ ಹೋಗಿ ಬರಲಿ. ಹೊಯ್ಸಳರ ಕಲೆ ಕುಣಿಯಲು ಬಲ್ಲುದೆಂಬುದನ್ನು ಅವರು ಕಂಡಿದ್ದಾರೆ. ಮೌನವಾಗಿ ಕೂರಲೂ ಬಲ್ಲುದೆಂಬುದನ್ನು ಇಲ್ಲಿ ಕಂಡಾರು.