ಗೋಲು ಹೊಡೆಯದವರ ಸಂಸಾರ

ಈ ಸೀಮೆಯಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಆಟ. ಕಾಲಿನಿಂದ ಆಡುವುದು ಸಾಕರ್. ಟೆಕ್ಸಾಸಿನ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಟಿನ್ನಿಗೆ ಬಂದ ಮೇಲೆ ನಮ್ಮ ಮನೆಗೆ ಈ ಎರಡನೆಯದರ ಹುಚ್ಚು ಹಿಡಿದಿದೆ. ದ ಡೊಮೇನ್ ಎಂಬ ಅಂಗಡಿ ಬೀದಿಗಳ ಸಮೀಪದಲ್ಲೇ 2021ರ ಜೂನ್‌ನಲ್ಲಿ ಕ್ಯೂ2 ಕ್ರೀಡಾಂಗಣ ತೆರೆಯಿತು. ಅದು ಹಿಂದೆ ರಾಸಾಯನಿಕ ಕಾರ್ಖಾನೆ ಇದ್ದ ಜಾಗ. ರಸಾಯನಶಾಸ್ತ್ರದಿಂದಲೇ ಹೊಟ್ಟೆ ಹೊರೆಯುವ ನಮಗೆ ಅಲ್ಲಿ ಕೂರಲು ವಿಶೇಷ ಹಕ್ಕಿದೆ ಎಂದು ಭಾವಿಸಿದ್ದೇವೆ.

ಒಂಬತ್ತು ವರ್ಷದ ಮಗ ಬಡಾವಣೆಯ ತಂಡದಲ್ಲಿ ಡಿಫೆಂಡರ್. ಭಾನುವಾರ ಮೈಸೂರಿನಿಂದ ಅಜ್ಜಿಯ ಪ್ರಶ್ನೆ: "ಎಷ್ಟು ಗೋಲು ಹೊಡೆದ್ಯೋ ಪುಟ್ಟ?" ಅವನ ಉತ್ತರ: "ನಾನು ಹೊಡೆಯಲ್ಲ ಅಜ್ಜಿ, ಹೊಡೆಯೋರನ್ನ ತಡೀತೀನಿ." ದೊಡ್ಡವನಾದ ಮೇಲೂ ಇದೇ ಉದ್ಯೋಗವಂತೆ. ಹಾಗಾದರೆ ಈ ಉದ್ಯೋಗ ಎಂಥದು ಎಂದು ನಾವು ವಿಚಾರಿಸತೊಡಗಿದೆವು.

ಅವನ ಮೆಚ್ಚಿನವರು ಹೆಕ್ಟರ್ ಹಿಮೆನೆಸ್. ಕ್ಯಾಲಿಫೋರ್ನಿಯಾದವರು, ಬರ್ಕ್ಲಿಯಲ್ಲಿ ಓದಿದವರು. 2011ರಲ್ಲಿ ಲಾಸ್ ಏಂಜಲೀಸ್ ಗ್ಯಾಲಕ್ಸಿ ಸೇರಿದರು. ಆಮೇಲೆ ಕೊಲಂಬಸ್‌ನಲ್ಲಿ ಹಲವು ವರ್ಷ. ಮೊದಲು ಮಧ್ಯಭಾಗದ ಆಟಗಾರ; ತಂಡಕ್ಕೆ ಬೇಕಾದಾಗ ಹಿಂದೆ ಸರಿದು ಬಲಗಡೆಯ ರಕ್ಷಣೆಗೆ ನಿಂತರು. 2011, 2012, 2020, ಮೂರು ಸಲ ಲೀಗ್ ಗೆದ್ದ ತಂಡಗಳಲ್ಲಿದ್ದರೂ ಪತ್ರಿಕೆಗಳ ತಲೆಬರಹದಲ್ಲಿ ಅವರ ಹೆಸರು ಹುಡುಕಬೇಕು. 2021ರಲ್ಲಿ ಆಸ್ಟಿನ್ ತಂಡ ಹೊಸದಾಗಿ ಹುಟ್ಟಿದಾಗ ಇಲ್ಲಿಗೆ ಬಂದರು. ಆಗಿನ ತರಬೇತುದಾರ ಜಾಷ್ ವುಲ್ಫ್ ಹಿಂದೆ ಕೊಲಂಬಸ್‌ನಲ್ಲಿ ಸಹಾಯಕರಾಗಿದ್ದವರು. ಹಿಮೆನೆಸ್ ಆಟ ಕಣ್ಣಾರೆ ಕಂಡವರು.

ಈ ಲೀಗಿನಲ್ಲಿ ಆಟಗಾರನ ಕರಾರು ತಂಡದೊಡನೆಯಲ್ಲ, ಲೀಗಿನೊಡನೆಯೇ. ಕರಾರನ್ನು ಇನ್ನೊಂದು ವರ್ಷ ಮುಂದುವರಿಸುವ ಹಕ್ಕು ಹೆಚ್ಚಾಗಿ ತಂಡದ ಕೈಯಲ್ಲಿರುತ್ತದೆ. ಋತು ಮುಗಿದೊಡನೆ ಉಳಿದವರ, ಹೊರಟವರ ಪಟ್ಟಿ ಬರುತ್ತದೆ. 2021ರಲ್ಲಿ ಹಿರಿಯ ಆಟಗಾರರ ಕನಿಷ್ಠ ಸಂಬಳ ವರ್ಷಕ್ಕೆ 81,375 ಡಾಲರ್. ಬಡತನವಲ್ಲ, ಆದರೆ ಮೂವತ್ತೈದರ ಹೊತ್ತಿಗೆ ಮುಗಿಯುವ ಉದ್ಯೋಗಕ್ಕೆ ಅದು ದೊಡ್ಡ ಗಂಟೂ ಅಲ್ಲ. ಹೆಸರು ಮಾಡಿದವರಿಗೂ ಅಲೆದಾಟ ತಪ್ಪಿದ್ದಲ್ಲ. ಡಲ್ಲಾಸ್ ತಂಡದಲ್ಲಿ ಹನ್ನೊಂದು ವರ್ಷ ಆಡಿ, 2016ರಲ್ಲಿ ಲೀಗಿನ ಶ್ರೇಷ್ಠ ಡಿಫೆಂಡರ್ ಎನಿಸಿದ ಮ್ಯಾಟ್ ಹೆಜಸ್ 2023ರಲ್ಲಿ ಟೊರಾಂಟೊಗೆ ಹೋದರು; ಅದೇ ವರ್ಷ ಅಲ್ಲಿಂದ ಆಸ್ಟಿನ್ನಿಗೆ ಬಂದರು.

ಇದನ್ನೆಲ್ಲ ಓದುವಾಗ ನಮ್ಮದೇ ಜಾತಕ ಓದಿದಂತಾಯಿತು. ನಮ್ಮ ಡಾಕ್ಟರೇಟ್ ಹ್ಯೂಸ್ಟನ್ನಿನಲ್ಲಿ, ನಂತರದ ಸಂಶೋಧನೆ ಡಲ್ಲಾಸಿನಲ್ಲಿ. ಅಲ್ಲೇ ಸಿಕ್ಕ ಮೊದಲ ಕೆಲಸ, ಕಂಪನಿಯವರು ಯೋಜನೆಯನ್ನೇ ಮುಚ್ಚಿದ್ದರಿಂದ ಹೋಯಿತು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ನಲವತ್ತೊಂದನೆಯ ದಿನ, ಹಿಂದೆ ನಮ್ಮ ಪಕ್ಕದ ಮೇಜಿನಲ್ಲಿದ್ದ ಸ್ನೇಹಿತರೊಬ್ಬರು ಆಸ್ಟಿನ್ನಿನಿಂದ ಫೋನು ಮಾಡಿದರು. ನಮ್ಮ ಕೆಲಸ ನೋಡಿದ್ದವರು ಎಂಬುದೇ ನಮಗಾದ ದೊಡ್ಡ ಶಿಫಾರಸು. ಊರಿನಲ್ಲಿ ನೆಂಟರು ಈಗಲೂ ಕೇಳುತ್ತಾರೆ, "ಇನ್ನೂ ಪರ್ಮನೆಂಟ್ ಆಗಲಿಲ್ವೆ?"

ಅವರಿಗೆ ನಮ್ಮ ದಿನಚರಿ ವಿವರಿಸುವುದು ಕಷ್ಟ. ಹತ್ತು ಮಿಶ್ರಣ ಮಾಡಿ, ಒಂಬತ್ತು ಕೆಲಸಕ್ಕೆ ಬಾರವು ಎಂದು ಬರೆದಿಟ್ಟರೆ ಅದೂ ಸಂಶೋಧನೆಯೇ. ಮುಂದೆ ಬರುವವರು ಆ ದಾರಿ ಹಿಡಿದು ಕೆಡದಂತೆ ತಡೆದದ್ದು ಯಾವ ಲೆಕ್ಕದಲ್ಲೂ ಗೋಲಾಗಿ ಕಾಣುವುದಿಲ್ಲ. ಸಂಘದ ಕೂಟಗಳಲ್ಲಿ ನಾವು ಸಾಮಾನ್ಯವಾಗಿ ಗೋಲು ಹೊಡೆದ ಮಕ್ಕಳಿಗೇ ಚಪ್ಪಾಳೆ ತಟ್ಟುತ್ತೇವೆ. ತಡೆದು ನಿಂತವರಿಗೂ, ಬೇಡವೆಂದಾಗ ಸುಮ್ಮನೆ ಗಂಟು ಕಟ್ಟಿ ಬೇರೆ ಊರಿನಲ್ಲಿ ಮೊದಲಿನಿಂದ ಆರಂಭಿಸಿದವರಿಗೂ ಒಂದಿಷ್ಟು ಸಲ್ಲಬೇಕಲ್ಲವೆ?

ಮಗನಿಗೆ ಸಂಬಳ, ಕರಾರು, ಮೊಣಕಾಲಿನ ಪೆಟ್ಟು ಯಾವುದನ್ನೂ ಮುಚ್ಚಿಡಲಿಲ್ಲ. ಆಡು, ಜೊತೆಗೆ ಓದು ಎಂದಿದ್ದೇವೆ. ಊರೂರು ಸುತ್ತಬೇಕಾಗಿ ಬಂದರೂ ಅಂಜಬೇಡ. ಸಾಮಾನು ಕಟ್ಟುವ ವಿದ್ಯೆಯಲ್ಲಿ ಈ ಮನೆಯವರೆಲ್ಲ ಪಾಸಾಗಿದ್ದೇವೆ.