ಗಾಲಿಯ ಮೇಲಣ ಮನೆಯೂ ಯಲಹಂಕದ ಮಳೆಯೂ

ಆಶ್ವೀಜದ ಮಳೆಯು ಬೆಂಗಳೂರಿನ ಉತ್ತರ ಭಾಗಕ್ಕೆ ಬರುವ ರೀತಿಯೇ ಬೇರೆ. ಮಧ್ಯಾಹ್ನದವರೆಗೆ ಸುಡುವ ಬಿಸಿಲು; ಮೂರು ಗಂಟೆಯ ಸುಮಾರಿಗೆ ಮೋಡ ಕವಿಯುವುದು; ದೀಪ ಹಚ್ಚುವ ಹೊತ್ತಿಗೆ ಗುಡುಗು ಮಿಂಚುಗಳೊಡನೆ ಆಕಾಶವೇ ಹರಿದು ಬಿದ್ದಂತಾಗುವುದು. ಅಂತಹ ಒಂದು ಸಂಜೆ ಯಶವಂತಪುರದ ಕೃಷಿ ಮಾರುಕಟ್ಟೆಯ ಬಳಿಗೆ ಹೋದವನ ಕಣ್ಣಿಗೆ ಮೊದಲು ಬೀಳುವುವು ಸಾಲುಗಟ್ಟಿ ನಿಂತ ಲಾರಿಗಳು. ಚಿತ್ರದುರ್ಗ, ಗದಗ, ವಿಜಯಪುರಗಳ ಕಡೆಯಿಂದ ಈರುಳ್ಳಿಯನ್ನು ಹೊತ್ತು ತಂದ ಲಾರಿಗಳವು. ಫಸಲು ಕೈಗೆ ಬರುವ ಕಾಲವೂ ಮಳೆ ಸುರಿಯುವ ಕಾಲವೂ ಒಂದೇ ಆಗಿರುವುದು ಈರುಳ್ಳಿ ಬೆಳೆಗಾರನ ದೌರ್ಭಾಗ್ಯ.

ದೂರದ ಹಾದಿಯ ಲಾರಿಯೆಂದರೆ ಬರಿಯ ಬಂಡಿಯಲ್ಲ. ಚಾಲಕನ ಪಾಲಿಗೆ ಅದೊಂದು ಮನೆ. ಮುಂದಿನ ಗೂಡಿನಲ್ಲಿ ದೇವರ ಪಟ, ಅದರ ಪಕ್ಕದಲ್ಲಿ ಮಕ್ಕಳ ಭಾವಚಿತ್ರ, ಹಿಂದುಗಡೆ ಮೈಚಾಚುವಷ್ಟು ಹಲಗೆ, ಮೂಲೆಯಲ್ಲಿ ಒಂದು ಪುಟ್ಟ ಒಲೆ. ವರ್ಷದಲ್ಲಿ ಎಷ್ಟೋ ರಾತ್ರಿಗಳನ್ನು ಅವನು ಕಳೆಯುವುದು ಅಲ್ಲಿಯೇ. ಬೆನ್ನ ಹಿಂದಿನ ಹೊರೆಗೆ ಟಾರ್ಪಾಲಿನ ಹೊದಿಕೆ. ಅದರಲ್ಲೊಂದು ತೂತು ಬಿದ್ದಿತೆಂದರೆ ಕೆಳಗಿನ ಮೂಟೆ ನೆನೆಯಿತು. ನೆನೆದ ಈರುಳ್ಳಿ ಕೊಳೆಯಿತು. ಒಂದು ಹೊಲದ ನಾಲ್ಕು ತಿಂಗಳ ದುಡಿಮೆಯು ಮಂಡಿಯ ಬಾಗಿಲಲ್ಲಿ ಬೆಲೆ ಕಳೆದುಕೊಂಡಿತು. ಅನುಭವಸ್ಥ ಚಾಲಕನು ಟಾರ್ಪಾಲಿನ ನಡುಭಾಗವನ್ನು ಅಷ್ಟಾಗಿ ನೋಡನು. ಅವನ ಕೈ ತಡಕುವುದು ಹೊಲಿಗೆಯನ್ನು, ಮಡಿಕೆಯನ್ನು, ಹಗ್ಗವು ತೀಡುವ ಅಂಚನ್ನು. ನೀರು ನುಗ್ಗುವುದು ಬಟ್ಟೆಯಿಂದಲ್ಲ, ಸಂದಿಯಿಂದ ಎಂಬುದನ್ನು ಅವನಿಗೆ ಯಾರೂ ಶಾಲೆಯಲ್ಲಿ ಕಲಿಸಿದ್ದಲ್ಲ.

ಇದೇ ಯಶವಂತಪುರದ ರೈಲ್ವೆ ನಿಲ್ದಾಣದಿಂದ ೨೦೦೮ರಲ್ಲಿ ಇನ್ನೊಂದು ಬಗೆಯ ಚಲಿಸುವ ಮನೆಯು ಹೊರಟಿತು. ಅದೇ ‘ಗೋಲ್ಡನ್ ಚಾರಿಯಟ್’. ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ನಾಡನ್ನಾಳಿದ ಅರಸುಮನೆತನಗಳ ಹೆಸರು ಹೊತ್ತ ಅದರ ಗಾಡಿಗಳಲ್ಲಿ ಮಲಗುವ ಕೋಣೆಗಳುಂಟು, ಭೋಜನಶಾಲೆಯುಂಟು. ಗಾಡಿಯಿಂದ ಗಾಡಿಗೆ ದಾಟುವ ಕಡೆ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಹೊದಿಕೆಯಿರುವುದು. ತಿರುವಿನಲ್ಲಿ ಅದು ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗುವುದು. ಅರಮನೆಯಂಥ ಗಾಡಿಯಾದರೂ ಮಳೆಯ ಕಣ್ಣು ಆ ಮಡಿಕೆಯ ಮೇಲೆಯೇ. ನಿಂತಿರುವುದಕ್ಕೂ ಅಲುಗಾಡುವುದಕ್ಕೂ ನಡುವೆ ಎಲ್ಲಿ ಸಂಧಿಯಾಗುವುದೋ ಅಲ್ಲಿ ನೀರಿಗೆ ಆಸೆ ಹುಟ್ಟುವುದು.

ಈ ಸತ್ಯವು ತನ್ನ ಪೂರ್ಣ ಸ್ವರೂಪದಲ್ಲಿ ಕಾಣುವುದು ಕಾರವಾನ್ ಎಂಬ ಪ್ರವಾಸದ ಮನೆಯಲ್ಲಿ. ಅಮೆರಿಕದಲ್ಲಿ ಇಂತಹ ವಾಹನಗಳು ಬಹುಕಾಲದಿಂದ ರೂಢಿಯಲ್ಲಿವೆ. ಕರ್ನಾಟಕದಲ್ಲಿಯೂ ೨೦೨೦ರ ಸುಮಾರಿನಿಂದ ಕಾರವಾನ್ ಪ್ರವಾಸಕ್ಕೆ ಪ್ರೋತ್ಸಾಹ ದೊರೆಯಿತು. ವಾಹನದ ಅಗಲವನ್ನು ರಸ್ತೆಯೇ ನಿರ್ಧರಿಸುವುದರಿಂದ ಒಳಗೆ ಇಬ್ಬರು ಎದುರುಬದುರಾಗಿ ನಡೆಯುವುದೂ ಕಷ್ಟ. ಈ ಇಕ್ಕಟ್ಟಿಗೆ ೧೯೯೦ರಲ್ಲಿ ಅಮೆರಿಕದ ನ್ಯೂಮಾರ್ ಎಂಬ ಸಂಸ್ಥೆಯು ಒಂದು ಉಪಾಯವನ್ನು ಬಳಕೆಗೆ ತಂದಿತು. ಮೇಜಿನ ಖಾನೆಯನ್ನು ಎಳೆದಂತೆ ವಾಹನದ ಪಕ್ಕದ ಗೋಡೆಯಿಂದ ಒಂದು ಕೋಣೆಯನ್ನೇ ಹೊರಗೆ ಚಾಚುವುದು! ತಂಗಿದ ಊರಿನಲ್ಲಿ ಗುಂಡಿಯೊತ್ತಿದರೆ ಕೋಣೆ ಹೊರಕ್ಕೆ, ಹೊರಡುವಾಗ ಒಳಕ್ಕೆ. ಮನೆ ದೊಡ್ಡದಾಯಿತು, ಆದರೆ ಗೋಡೆಯಲ್ಲಿ ನಾಲ್ಕು ಸುತ್ತಿನ ಒಂದು ಸಂದಿಯೂ ಹುಟ್ಟಿತು.

ಆ ಸಂದಿಯನ್ನು ಕಾಯುವುದು ರಬ್ಬರಿನ ಕೆಲಸ. ಅದರಲ್ಲಿ ಎರಡು ಬಗೆ. ಒಂದು, ಕೋಣೆಯು ಹೋಗಿ ಬಂದು ಮಾಡುವಾಗ ಅದರ ಮೈಯನ್ನು ಒರೆಸುವ ತೆಳು ಪಟ್ಟಿ. ಇನ್ನೊಂದು, ಕೋಣೆಯು ತನ್ನ ಸ್ಥಾನವನ್ನು ಸೇರಿ ನಿಂತಾಗ ಅದುಮಿಕೊಂಡು ಬಿಗಿಯಾಗುವ ಟೊಳ್ಳು ಕೊಳವೆ. ಪಟ್ಟಿ ಹರಿದರೆ, ಕೊಳವೆ ಗಟ್ಟಿಯಾಗಿ ಬಿರುಕುಬಿಟ್ಟರೆ, ಕೋಣೆಯು ಓರೆಯಾಗಿ ಒಂದು ಮೂಲೆಯಲ್ಲಿ ಸರಿಯಾಗಿ ಕೂರದಿದ್ದರೆ ಸೋರಿಕೆಯು ತಪ್ಪದು. ಮೇಲಿನ ಎರಡು ಮೂಲೆಗಳಂತೂ ಇದರ ತೌರುಮನೆ. ಮಳೆ ನಿಂತರೂ ಮರದ ಹನಿ ನಿಲ್ಲದೆಂಬ ಗಾದೆಯು ಇಲ್ಲಿಗೂ ಸಲ್ಲುವುದು: ಚಾಚಿದ ಕೋಣೆಯ ಚಾವಣಿಯ ಮೇಲೆ ನಿಂತ ನೀರನ್ನು ಒರೆಸದೆ ಅವಸರದಿಂದ ಒಳಗೆಳೆದರೆ, ಆಕಾಶವು ನಿರ್ಮಲವಾಗಿದ್ದರೂ ಮನೆಯೊಳಗೆ ಮಳೆಯಾದೀತು.

ಇದಕ್ಕೆ ಪರಿಹಾರವೇನು? ಉತ್ತರವನ್ನು ಹುಡುಕಿ ಅಮೆರಿಕಕ್ಕೆ ಹೋಗಬೇಕಾದುದಿಲ್ಲ. ಯಶವಂತಪುರದಿಂದ ಹೊರವರ್ತುಲ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಹೆಬ್ಬಾಳ ಸಿಕ್ಕುವುದು. ಇಂದು ಹೆಬ್ಬಾಳವೆಂದರೆ ಮೇಲುಸೇತುವೆ ಮತ್ತು ವಾಹನಗಳ ದಟ್ಟಣೆ. ಆದರೆ ಊರು ಬಲು ಹಳೆಯದು. ೨೦೧೮ರಲ್ಲಿ ಇಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಕ್ರಿಸ್ತಶಕ ೭೫೦ರ ಸುಮಾರಿನದು. ಸೇತುವೆಯ ಮಗ್ಗುಲಲ್ಲಿಯೇ ಕೆರೆಯು ಮಲಗಿದೆ. ನಮ್ಮ ನಾಡಿನ ಕೆರೆಗೆ ಅಂಗಗಳು ಮೂರು: ನೀರನ್ನು ತಡೆಯುವ ಏರಿ, ಗದ್ದೆಗೆ ಬಿಡುವ ತೂಬು, ಹೆಚ್ಚಾದುದನ್ನು ಹೊರಗೆ ಕಳಿಸುವ ಕೋಡಿ. ಏರಿಯು ನಿಶ್ಚಲ, ತೂಬಿನ ಬಿರಡೆಯು ಚಲಿಸತಕ್ಕದ್ದು. ಹೀಗಾಗಿ ಹಿಂದಿನ ಕಾಲದ ನೀರುಗಂಟಿಯ ಆತಂಕವೆಲ್ಲ ತೂಬಿನ ಸುತ್ತಮುತ್ತಲೇ.

ಮಳೆಯ ರಾತ್ರಿ ಅವನು ಕಂಬಳಿ ಕೊಪ್ಪೆ ಹಾಕಿಕೊಂಡು ಏರಿಯ ಹಿಂಭಾಗವನ್ನು ನೋಡಿಬರುತ್ತಿದ್ದ. ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟೊಂದು ಭಯವಿಲ್ಲ. ಕೆಂಪಗೆ ಕದಡಿ ಬಂದರೆ ಏರಿಯ ಮಣ್ಣು ಒಳಗಿನಿಂದಲೇ ಕೊಚ್ಚಿಹೋಗುತ್ತಿದೆಯೆಂದು ಅರ್ಥ, ಊರನ್ನು ಎಬ್ಬಿಸಲೇಬೇಕು. ಕಾರವಾನಿನಲ್ಲಿಯೂ ಪರೀಕ್ಷೆಯು ಇದೇ. ತೊಟ್ಟಿಕ್ಕುವ ಹನಿಯು ನಿರ್ಮಲವಾಗಿದ್ದರೆ ಸೋರಿಕೆಯು ಹೊಸದಿರಬಹುದು. ಚಹದ ಬಣ್ಣದ್ದಾಗಿದ್ದರೆ ಅದು ಗೋಡೆಯ ಮರವನ್ನು ತೊಳೆದು ಬಂದ ನೀರು. ಆಗ ಪಾದದಡಿಯ ನೆಲಹಲಗೆಯನ್ನು ಒತ್ತಿ ನೋಡಬೇಕು. ಮೆತ್ತಗಾಗಿದ್ದರೆ ರೋಗವು ಬಹುದಿನದ್ದು.

ಹನಿ ಬಿದ್ದ ಜಾಗವೇ ತೂತಿನ ಜಾಗವಲ್ಲ. ನೀರು ಒಂದು ಮೂಲೆಯಲ್ಲಿ ಹೊಕ್ಕು, ತೊಲೆಯ ಬೆನ್ನೇರಿ ಸಾಗಿ, ಇನ್ನೆಲ್ಲಿಯೋ ಇಳಿಯುವುದು. ಆದುದರಿಂದ ಒಬ್ಬನು ದೀಪ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬನು ಹೊರಗಿನಿಂದ ಮೆಲ್ಲನೆ ನೀರು ಬಿಡಬೇಕು. ಕೆಳಗಿನಿಂದ ಮೊದಲುಮಾಡಿ ಹಂತಹಂತವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಒಮ್ಮೆಲೇ ಸುರಿದರೆ ಎಲ್ಲೆಡೆಯೂ ನೆನೆದು ಏನೂ ತಿಳಿಯದು. ಸಂದಿಯು ಸಿಕ್ಕ ಬಳಿಕ ಹರಿದ ರಬ್ಬರನ್ನು ಬದಲಿಸಬೇಕೇ ಹೊರತು ಅದರ ಮೇಲೆ ಅಂಟನ್ನು ಮೆತ್ತಬಾರದು. ಚಲಿಸುವ ಕಡೆ ಮೆತ್ತಿದ ಅಂಟು ಮೊದಲ ಎಳೆತಕ್ಕೇ ಕಿತ್ತುಬರುವುದು. ರಬ್ಬರು ಮೃದುವಾಗಿರಲು ಅದಕ್ಕೆಂದೇ ಇರುವ ಲೇಪವುಂಟು. ಪೆಟ್ರೋಲು, ಗ್ರೀಸುಗಳು ಅದನ್ನು ಕೆಡಿಸುವುವು. ಎಲ್ಲಕ್ಕೂ ಮಿಗಿಲಾಗಿ, ವಾಹನದ ಅಂಚಿನಲ್ಲಿ ನೀರು ಹೊರಹೋಗಲು ಬಿಟ್ಟ ಸಣ್ಣ ರಂಧ್ರಗಳನ್ನು ಗಾಬರಿಯಲ್ಲಿ ಮುಚ್ಚಬಾರದು. ಅವೇ ಈ ಮನೆಯ ಕೋಡಿ!

ಬೆಂಗಳೂರಿನ ಹವೆಗೆ ಇನ್ನೆರಡು ಮಾತು ಸಲ್ಲುವುವು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೯೭೦ ಮಿಲಿಮೀಟರು. ಮುಂಗಾರಿನ ಗಾಳಿ ಪಡುವಣದಿಂದ ಬೀಸಿದರೆ ಹಿಂಗಾರಿನದು ಮೂಡಣದಿಂದ. ಜುಲೈನಲ್ಲಿ ಒಣಗಿದ್ದ ಪಕ್ಕವು ಅಕ್ಟೋಬರಿನಲ್ಲಿ ಎರಚಲಿಗೆ ಸಿಕ್ಕಬಹುದು. ಸುಮಾರು ೯೦೦ ಮೀಟರು ಎತ್ತರದ ಈ ಊರಿನ ಬೇಸಿಗೆಯ ಬಿಸಿಲಿಗೆ ರಬ್ಬರು ಬೇಗನೆ ಬಿರುಸಾಗುವುದು. ನೆರಳಿಗೆಂದು ಮಳೆಮರದ ಕೆಳಗೆ ನಿಲ್ಲಿಸಿದರೋ, ಅದರ ಸಣ್ಣ ಸಣ್ಣ ಎಲೆಗಳು ಚಾವಣಿಯ ಮೇಲೆ ಉದುರಿ ಸಂದಿಯಲ್ಲಿ ಸಿಕ್ಕಿಕೊಳ್ಳುವುವು. ಒಂದು ಎಲೆಯ ದಪ್ಪವೇ ನೀರಿಗೆ ಸಾಕಾದ ಹೆಬ್ಬಾಗಿಲು. ಕೋಣೆಯನ್ನು ಒಳಗೆಳೆಯುವ ಮುನ್ನ ಪೊರಕೆಯಿಂದ ಒಮ್ಮೆ ಗುಡಿಸುವ ಐದು ನಿಮಿಷದ ಶ್ರಮವು ಸಾವಿರಾರು ರೂಪಾಯಿಗಳ ಮರಗೆಲಸವನ್ನು ಉಳಿಸೀತು.

ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ನಡೆದರೆ, ಜಕ್ಕೂರನ್ನೂ ಅಲ್ಲಾಳಸಂದ್ರವನ್ನೂ ದಾಟಿ ಯಲಹಂಕ. ನಾಡಪ್ರಭುಗಳು ಆಳಿದ ಸ್ಥಳವಿದು. ಇಲ್ಲಿಯ ಕೆರೆಗಳು ಒಂದರ ಕೋಡಿಯು ಇನ್ನೊಂದರ ಮಡಿಲಿಗೆ ಬೀಳುವಂತೆ ಸರಪಣಿಯಾಗಿ ಕಟ್ಟಲ್ಪಟ್ಟವು. ನಗರವು ಬೆಳೆದಂತೆ ಗದ್ದೆಗಳು ಬಡಾವಣೆಗಳಾದುವು, ನೀರುಗಂಟಿಯು ಮರೆಯಾದನು, ಹರಿವಿನ ಹಾದಿ ಕಿರಿದಾಯಿತು. ೨೦೨೧ರ ನವೆಂಬರಿನಲ್ಲಿ ಯಲಹಂಕದ ಕೆರೆ ತುಂಬಿ ಹರಿದಾಗ ಕೇಂದ್ರೀಯ ವಿಹಾರದ ವಸತಿ ಸಮುಚ್ಚಯವು ಜಲಾವೃತವಾಗಿ ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ೨೦೨೪ರ ಅಕ್ಟೋಬರಿನಲ್ಲಿ ಅದೇ ಸಂಕಟವು ಮರಳಿ ಬಂದಿತು. ಅವು ಗಾಲಿಯ ಮೇಲಣ ಮನೆಗಳಲ್ಲ. ಗಟ್ಟಿ ಅಡಿಪಾಯದ ಮನೆಗಳು. ಅವುಗಳ ಚಾವಣಿಯಲ್ಲಿ ದೋಷವಿರಲಿಲ್ಲ. ಹೊರಗೆ ಹೋಗಬೇಕಾದ ನೀರಿಗೆ ದಾರಿ ಸಾಲದೆ ಅದು ಒಳಗೆ ಬಂದಿತು, ಅಷ್ಟೆ.

ಮಳೆಯನ್ನು ತಡೆಯುವೆನೆಂಬುದು ಮನುಷ್ಯನ ಜಂಭ. ಅದಕ್ಕೆ ದಾರಿಯನ್ನು ತೋರಿಸುವುದು ಅವನ ಜಾಣತನ. ಕೆರೆಗಾಗಲಿ, ಕಾರವಾನಿಗಾಗಲಿ, ಈರುಳ್ಳಿಯ ಲಾರಿಗಾಗಲಿ ಇದಕ್ಕಿಂತ ಬೇರೆ ಶಾಸ್ತ್ರವಿಲ್ಲ. ಯಶವಂತಪುರದಲ್ಲಿ ಅಷ್ಟು ಹೊತ್ತಿಗೆ ಮಳೆ ನಿಂತಿರುವುದು. ಚಾಲಕನೊಬ್ಬನು ಲಾರಿಯ ಮೇಲೇರಿ, ಟಾರ್ಪಾಲಿನ ಗುಳಿಯಲ್ಲಿ ನಿಂತ ನೀರನ್ನು ಅಂಗೈಯಿಂದ ಅಂಚಿಗೆ ನೂಕುವನು. ಅದು ಸದ್ದುಮಾಡುತ್ತ ಕೆಳಗಿನ ಚರಂಡಿಗೆ ಬೀಳುವುದು. ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದು, ಅವನು ತನ್ನ ಗೂಡಿಗಿಳಿದು ಒಲೆ ಹೊತ್ತಿಸುವನು. ಒಳಗೆ ಮೂಟೆಗಳು ಒಣಗಿಯೇ ಇವೆ.