ಆಟವೂ ಹೌದು, ದುಡಿಮೆಯೂ ಹೌದು

ಗುರುಮಠದಲ್ಲಿ ಲತೀನ್ ಕಲಿತ ನಮಗೆ ‘ಒಪೆರಾ’ ಎಂಬ ಪದ ಹೊಸದಲ್ಲ. ಅದರ ಮೂಲಾರ್ಥ ಕೆಲಸ, ದುಡಿಮೆ. ಇಟಲಿಯವರು ತಮ್ಮ ಹಾಡುನಾಟಕವನ್ನು ಆ ಹೆಸರಿನಿಂದ ಕರೆದರು. ಉತ್ತರ ಕರ್ನಾಟಕದ ಒಕ್ಕಲುಮಕ್ಕಳು ತಮ್ಮ ಹಾಡುನಾಟಕವನ್ನು ‘ದೊಡ್ಡಾಟ’ ಎಂದರು. ಅಲ್ಲಿ ದುಡಿಮೆಯಾದದ್ದು ಇಲ್ಲಿ ಆಟವಾಯಿತು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಸಮೀಪದ ಹಳ್ಳಿಯೊಂದರಲ್ಲಿ, ಐವತ್ತು ದಾಟಿದ ಮೇಲೆ, ನಾನು ಮೊದಲ ಸಲ ದೊಡ್ಡಾಟ ಕಂಡೆ. ಗಣಪತಿಯ ಸ್ತುತಿ ಮುಗಿಯಿತು. ಕಿರೀಟ, ಭುಜಕೀರ್ತಿ ಧರಿಸಿದ ರಾಜನು ಅಟ್ಟದ ಹಲಗೆ ನಡುಗುವಂತೆ ಹೆಜ್ಜೆ ಹಾಕುತ್ತ ಬಂದನು. ನೀನು ಯಾರೆಂದು ಸಾರಥಿ ಕೇಳಿದನು. ರಾಜನು ತನ್ನ ಹಿರಿಮೆಯನ್ನು ಹಾಡಿದನು. ಹಾಡಿದ್ದನ್ನೇ ಮತ್ತೆ ಮಾತಿನಲ್ಲಿ ಸಾರಿದನು. ತಾಸು ಕಳೆದರೂ ಕಥೆ ಮುಂದೆ ಸಾಗಲಿಲ್ಲ. ನನ್ನ ಚಡಪಡಿಕೆ ಕಂಡು ಪಕ್ಕದ ಹಿರಿಯ ರೈತರೊಬ್ಬರು ಮೆಲ್ಲಗೆ ಹೇಳಿದರು: “ಅವಸರ ಮಾಡಬ್ಯಾಡ್ರಿ ಸ್ವಾಮ್ಯಾರ. ಕಥಿ ಎಲ್ಲಾರಿಗೂ ಗೊತ್ತೈತಿ. ಹ್ಯಾಂಗ ಹಾಡ್ತಾನ, ಅದನ್ನ ಕೇಳ್ರಿ.”

ಒಪೆರಾಕ್ಕೆ ಹೊಸದಾಗಿ ಹೋಗುವವರಿಗೂ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ಇರಲಾರದು. 1607ರಲ್ಲಿ ಮಾಂತುವಾ ನಗರದ ಅರಮನೆಯಲ್ಲಿ ಮೊಂತೆವೆರ್ದಿಯ ‘ಒರ್ಫೆಯೊ’ ಪ್ರದರ್ಶನಗೊಂಡಾಗ ಆ ಪುರಾಣಕಥೆಯೂ ಹಳೆಯದೇ ಆಗಿತ್ತು. ಭಾವ ತುಂಬಿ ಬಂದಾಗ ಕಥೆ ನಿಲ್ಲುತ್ತದೆ, ಹಾಡು ಮುಂದುವರಿಯುತ್ತದೆ. ಆ ನಿಲುಗಡೆಯೇ ಈ ಕಲೆಯ ಜೀವ.

ಒರ್ಫೆಯೊ ಅರಮನೆಯ ಆಹ್ವಾನಿತರಿಗಾಗಿ ಹುಟ್ಟಿತು. ಹಣ ತೆತ್ತು ಬರುವ ಸಾರ್ವಜನಿಕರಿಗೆ ವೆನಿಸ್ಸಿನಲ್ಲಿ ಒಪೆರಾ ಮಂದಿರ ತೆರೆದದ್ದು 1637ರಲ್ಲಿ. ದೊಡ್ಡಾಟಕ್ಕಾದರೋ ಊರ ಬಯಲೇ ಮಂದಿರ. ಹಗಲೆಲ್ಲ ಹೊಲದಲ್ಲಿ ದುಡಿದವನು ಹಲವು ರಾತ್ರಿ ತಾಲೀಮು ನಡೆಸಿ ಒಂದು ರಾತ್ರಿಯ ಮಟ್ಟಿಗೆ ದೊರೆಯಾಗುತ್ತಾನೆ. ಬೆಳಗಾದಾಗ ಕಿರೀಟವಿಳಿಸಿ ಮನೆಗೆ ನಡೆಯುತ್ತಾನೆ. ಆಟವೆಂಬ ಹೆಸರಿನ ಹಿಂದೆ ಎಷ್ಟೊಂದು ದುಡಿಮೆ!

ಆ ದುಡಿಮೆಗೆ ಇಂದು ಬಿಡುವೇ ದೊರೆಯದಾಗಿದೆ. ಕೆಲಸ ಅರಸಿ ಊರು ಬಿಟ್ಟ ಯುವಕರು ತಾಲೀಮಿಗೆ ಹೇಗೆ ಬಂದಾರು? ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿಯೇ ಉತ್ಸವ ರಾಕ್ ಗಾರ್ಡನ್ ನಿರ್ಮಿಸಿ, 2020ರಲ್ಲಿ ನಿಧನರಾದ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ದೊಡ್ಡಾಟಕ್ಕಾಗಿಯೂ ಶ್ರಮಿಸಿದರು. ಇವೆಲ್ಲ ಅಮೂಲ್ಯ ಸೇವೆಗಳೇ. ಆದರೆ ಹಾಡನ್ನು ದಾಖಲಿಸಿಡಬಹುದು, ವೇಷವನ್ನು ಕಾಪಿಡಬಹುದು. ಬೆಳಗಿನವರೆಗೆ ಕುಳಿತು ಕೇಳುವ ಜನರನ್ನು ಯಾವ ಸಂಸ್ಥೆ ಕೂಡಿಡಬಲ್ಲದು?

ಪ್ರಿಯ ವಾಚಕರೇ, ನಿಮ್ಮ ಸುತ್ತಲಿನ ಊರಿನಲ್ಲಿ ಆಟವಿದೆಯೆಂದು ತಿಳಿದರೆ ಕಂಬಳಿಯೊಂದನ್ನು ಹೊದ್ದು ಹೋಗಿರಿ. ಎಲ್ಲವೂ ಅರ್ಥವಾಗಬೇಕೆಂದಿಲ್ಲ. ತಿಳಿದವರೊಬ್ಬರ ಪಕ್ಕದಲ್ಲಿ ಕುಳಿತು ಕೇಳಿರಿ. ಹಾಡುವವನಿಗೆ ನಾವು ಕೊಡಬಹುದಾದ ದೊಡ್ಡ ಕಾಣಿಕೆ ನಮ್ಮ ಒಂದು ರಾತ್ರಿ.